ಹದಿನೆಂಟು ಅಡಿ ಸರಿಸಿದ್ದಕ್ಕೆ ಮಷೀನು ಲಾಕ್! ನನ್ನ ಶೆಡ್ಡು, ನನ್ನ ಮಷೀನು, ಇದು ಯಾವ ನ್ಯಾಯ?

ಭೋಸರಿ ಬಸಣ್ಣ, ಪುಣೆ

ಎಲ್ಲರಿಗೂ ನಮಸ್ಕಾರ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಒಂದೆರಡು ಮಾತು ಹೆಚ್ಚುಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಭೋಸರಿ ಎಂಐಡಿಸಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಹದಿನಾಲ್ಕು ಜನ ಇದ್ದೇವೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್, ಬ್ಲೋವರಿನ ರೆಕ್ಕೆ, ಹೀಗೆ ಡೊಂಕು ಮೈಯ ಕೆಲಸವೇ ಜಾಸ್ತಿ. ಮೂರು ವರ್ಷದ ಹಿಂದೆ ಊರಿನ ಹೊಲದ ಮೇಲೆ ಸಾಲ ತೆಗೆದು ಲೋಹ ಕಡೆಯುವ ಜಪಾನಿನ ಫೈವ್ ಆಕ್ಸಿಸ್ ಮಷೀನು ತಂದೆ. ಹೋದ ಭಾನುವಾರ ಗಾಳಿ ಮಳೆಗೆ ಶೆಡ್ಡಿನ ಒಂದು ಶೀಟು ಕಿತ್ತು ಹೋಯಿತು. ನೀರು ಸರಿಯಾಗಿ ಕಂಟ್ರೋಲ್ ಪ್ಯಾನೆಲ್ ಮೇಲೆ ತೊಟ್ಟಿಕ್ಕತೊಡಗಿತು. ಸರ್ವಿಸ್‌ನವರು ಫೋನ್ ಎತ್ತಲಿಲ್ಲ. ನಾನೇ ಹೈಡ್ರಾ ಕ್ರೇನ್ ತರಿಸಿ, ಮಷೀನು ಎತ್ತಿಸಿ, ಅದೇ ಶೆಡ್ಡಿನಲ್ಲಿ ಹದಿನೆಂಟು ಅಡಿ ಈಚೆಗೆ ಇಡಿಸಿದೆ. ಲೆವೆಲ್ ಮಾಡಿ ಪವರ್ ಕೊಟ್ಟರೆ ಪರದೆ ಮೇಲೆ ಒಂದು ಉದ್ದನೆಯ ನಂಬರು. ಅದರ ಕೆಳಗೆ, ಮಷೀನು ಜಾಗ ಬದಲಿಸಿದೆ, ತಯಾರಕರನ್ನು ಕೇಳಿ ಅಂತ. ಸ್ಪಿಂಡಲ್ ತಿರುಗುವುದಿಲ್ಲ. ಟೇಬಲ್ ಕದಲುವುದಿಲ್ಲ.

ಸೋಮವಾರ ಡೀಲರ್‌ಗೆ ಫೋನ್ ಮಾಡಿದರೆ ಕಾಗದದ ಪಟ್ಟಿ ಕಳಿಸಿದ. ಮಷೀನಿನ ಫೋಟೋ ನಾಲ್ಕು ಕಡೆಯಿಂದ. ಲೈಟ್ ಬಿಲ್. ಯಾವ ಪಾರ್ಟು ಮಾಡುತ್ತೀರಿ, ಯಾರಿಗೆ ಮಾಡುತ್ತೀರಿ. ಅಣುಬಾಂಬು, ಕ್ಷಿಪಣಿ, ವಿಷಾನಿಲ ಇವುಗಳಿಗೆ ಬಳಸುವುದಿಲ್ಲ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ. ನಾನು ಮಾಡುವುದು ಬೋರ್‌ವೆಲ್ ಪಂಪಿನ ಪಾರ್ಟು ಮಾರಾಯರೇ!

ಎಂಟು ದಿನ ಆಯಿತು. ಮಷೀನು ಟಾರ್ಪಾಲಿನ್ ಹೊದ್ದು ಮಲಗಿದೆ. ಕಂತು ಮಾತ್ರ ಐದನೇ ತಾರೀಕಿಗೆ ಎದ್ದು ಕೂರುತ್ತದೆ. ಇದು ಯಾಕೆ ಹೀಗೆ ಅಂತ ಗೊತ್ತಿದ್ದವರು ಹೇಳಿ.

ಸುಮ್ನೆ ನೋಡುವವ

ಮಷೀನಿಗೂ ವಾಸ್ತು ಇರುತ್ತೆ ಅಂತ ಇವತ್ತೇ ಗೊತ್ತಾಯ್ತು.

ನ್ಹಾವಾ ಶೇವಾ ಏಜೆಂಟ್, ನವಿ ಮುಂಬೈ

ಬಸಣ್ಣನವರೇ, ನಾನು ಇಪ್ಪತ್ತೆರಡು ವರ್ಷದಿಂದ ಕಸ್ಟಮ್ಸ್ ಕ್ಲಿಯರಿಂಗ್ ಮಾಡುತ್ತಿದ್ದೇನೆ. ಇದು ಡೀಲರ್‌ನ ಕಿರಿಕಿರಿ ಅಲ್ಲ. ನಿಮ್ಮ ಮಷೀನಿನೊಳಗೆ ಅಲುಗಾಟ ಹಿಡಿಯುವ ಒಂದು ಸೆನ್ಸರ್ ಇದೆ. ಎತ್ತಿದರೆ, ವಾಲಿಸಿದರೆ ಕಂಟ್ರೋಲರ್ ಬೀಗ ಹಾಕಿಕೊಳ್ಳುತ್ತದೆ. ನೀವು ಆ ನಂಬರು ಕಳಿಸಬೇಕು, ಅವರು ಲೆಕ್ಕ ಹಾಕಿ ಇನ್ನೊಂದು ನಂಬರು ಕೊಡುತ್ತಾರೆ, ಅದು ಹೊಡೆದರೆ ಬೀಗ ತೆರೆಯುತ್ತದೆ.

ಕಾರಣ ಏನೆಂದರೆ ಐದು ಅಕ್ಷ ಒಟ್ಟಿಗೆ ಚಲಿಸುವ, ಇಂತಿಷ್ಟು ಮೈಕ್ರಾನಿಗಿಂತ ನಿಖರವಾದ ಮಷೀನು ವಾಸೆನಾರ್ ಪಟ್ಟಿಯಲ್ಲಿದೆ. ವಾಸೆನಾರ್ ಅಂದರೆ ನೆದರ್ಲೆಂಡ್ಸ್‌ನ ಒಂದು ಊರು. ಅಲ್ಲಿ ಮಾತುಕತೆಯಾಗಿ 1996ರಲ್ಲಿ ಜಾರಿಗೆ ಬಂದ, ಯುದ್ಧಕ್ಕೂ ಬಳಸಬಹುದಾದ ಸರಕಿನ ಬಗ್ಗೆ ಹಲವು ದೇಶಗಳ ಒಪ್ಪಂದ. ಪಟ್ಟಿಯಲ್ಲಿರುವ ಸರಕು ಹೊರಗೆ ಕಳಿಸಬೇಕಾದರೆ ಆಯಾ ದೇಶದ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಸಿಗುವುದು ನೀವು, ನಿಮ್ಮ ಶೆಡ್ಡು, ನಿಮ್ಮ ಕೆಲಸ ಇವಿಷ್ಟಕ್ಕೆ. ನಾಳೆ ನೀವು ಅದನ್ನು ಯಾರಿಗೋ ಮಾರಿ, ಅವನು ದುಬೈಗೆ ಕಳಿಸಿ, ಅಲ್ಲಿಂದ ಇನ್ನೆಲ್ಲೋ ಹೋದರೆ ಜಪಾನಿನ ಕಂಪನಿಯ ಕುತ್ತಿಗೆಗೆ ಬರುತ್ತದೆ.

ಖರೀದಿಯ ಕಾಗದದಲ್ಲಿ ಇದು ಇದ್ದೇ ಇರುತ್ತದೆ. ನೋಡಿ.

ಭೋಸರಿ ಬಸಣ್ಣ, ಪುಣೆ

ನೋಡಿದೆ. ಇದೆ. ಮೂವತ್ತೊಂದನೇ ಪುಟ. ಇರುವೆ ಸಾಲಿನಂಥ ಅಕ್ಷರ. ನನ್ನದೇ ಸಹಿ ಕೆಳಗಡೆ ನಗುತ್ತಿದೆ.

ಆದರೂ ಏಜೆಂಟ್ ಸಾಹೇಬರೇ, ದುಡ್ಡು ಕೊಟ್ಟ ಮೇಲೆ ವಸ್ತು ನನ್ನದಲ್ಲವೇ?

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ಮಗಳ ಮದುವೆ ಮಾಡಿಕೊಟ್ಟ ಮೇಲೂ ಮಾವ ಬಂದು ವಿಚಾರಿಸುತ್ತಾನಲ್ಲ ಅಣ್ಣ, ಹಂಗೆ.

ಪಾಷಾಣ ಪಾಟೀಲ, ಪುಣೆ

ಈ ಬೀಗದ ಹಿಂದೆ ಒಂದು ಕಥೆ ಇದೆ. ನಾನು ಇದನ್ನು ಕ್ಲಾಸಿನಲ್ಲಿ ಹುಡುಗರಿಗೆ ಹೇಳುತ್ತೇನೆ, ನಿದ್ದೆ ಹೊಡೆಯುವವರೂ ಕಣ್ಣು ಬಿಡುತ್ತಾರೆ.

ಶೀತಲ ಸಮರದ ಕಾಲಕ್ಕೆ ಕೋಕಾಂ ಅಂತ ಒಂದು ಕೂಟ ಇತ್ತು. ಅಮೆರಿಕ, ಅದರ ಯುರೋಪಿನ ಗೆಳೆಯರು, ಜಪಾನ್ ಎಲ್ಲ ಸೇರಿ ಪ್ಯಾರಿಸ್‌ನಲ್ಲಿ ಕೂತು, ಸೋವಿಯತ್ ಬಣಕ್ಕೆ ಏನು ಮಾರಬಹುದು ಏನು ಮಾರಬಾರದು ಅಂತ ಪಟ್ಟಿ ಮಾಡುತ್ತಿದ್ದರು. 1949ರಲ್ಲಿ ಹುಟ್ಟಿ 1994ರಲ್ಲಿ ಮುಚ್ಚಿತು. ವಾಸೆನಾರ್ ಅದರ ನಂತರ ಬಂದ ಏರ್ಪಾಡು.

1980ರ ದಶಕದ ಮೊದಲಲ್ಲಿ ತೋಷಿಬಾ ಮಷೀನ್ ಎಂಬ ಜಪಾನಿನ ಕಂಪನಿ ಲೆನಿನ್‌ಗ್ರಾಡ್‌ನ ಬಾಲ್ಟಿಕ್ ಹಡಗುಕಟ್ಟೆಗೆ ಒಂಬತ್ತು ಅಕ್ಷದ ದೊಡ್ಡ ಮಿಲ್ಲಿಂಗ್ ಮಷೀನುಗಳನ್ನು ಮಾರಿತು. ಕಂಟ್ರೋಲರ್ ನಾರ್ವೆಯ ಕೊಂಗ್ಸ್‌ಬರ್ಗ್‌ನದು. ಕಾಗದದಲ್ಲಿ ಮಾತ್ರ ಎರಡೇ ಅಕ್ಷದ ಸಾದಾ ಮಷೀನು ಅಂತ ತೋರಿಸಿದ್ದರು. ಅಲ್ಲಿ ಅದು ಕಡೆದಿದ್ದು ಜಲಾಂತರ್ಗಾಮಿಯ ಪ್ರೊಪೆಲ್ಲರ್. ರೆಕ್ಕೆಯ ಮೈ ನುಣ್ಣಗಿದ್ದರೆ ನೀರಿನಲ್ಲಿ ಗುಳ್ಳೆ ಕಡಿಮೆ ಏಳುತ್ತದೆ, ಸದ್ದು ಕಡಿಮೆ. ಸದ್ದಿಲ್ಲದ ಸಬ್‌ಮರೀನನ್ನು ಹುಡುಕುವುದು ಹೇಗೆ? ವ್ಯವಹಾರದಲ್ಲಿ ಭಾಗಿಯಾಗಿದ್ದ ಟ್ರೇಡಿಂಗ್ ಕಂಪನಿಯ ಒಬ್ಬನೇ 1985ರಲ್ಲಿ ಕೋಕಾಂಗೆ ಪತ್ರ ಬರೆದು ಎಲ್ಲ ಬಯಲು ಮಾಡಿದ. 1987ರಲ್ಲಿ ಗಲಾಟೆ ಎದ್ದಾಗ ಅಮೆರಿಕದ ಸಂಸದರು ಕ್ಯಾಪಿಟಲ್ ಕಟ್ಟಡದ ಮುಂದೆ ಸುತ್ತಿಗೆ ಹಿಡಿದು ತೋಷಿಬಾ ರೇಡಿಯೋ ಪುಡಿ ಮಾಡಿದರು. ಮಾತೃ ಕಂಪನಿಯ ಅಧ್ಯಕ್ಷರೂ ಚೇರ್ಮನ್ನರೂ ರಾಜೀನಾಮೆ ಕೊಟ್ಟರು.

ಬಸಣ್ಣ, ಇಂಪೆಲ್ಲರೂ ಪ್ರೊಪೆಲ್ಲರೂ ದಾಯಾದಿಗಳು. ಅದಕ್ಕೇ ಅವರಿಗೆ ನಿಮ್ಮ ಶೆಡ್ಡಿನ ಮೇಲೆ ಕಣ್ಣು.

ಮಾಟುಂಗಾ ಮಾವ, ಮುಂಬೈ

ಪಾಟೀಲರೇ, ಕಥೆ ಚೆನ್ನಾಗಿದೆ, ಆದರೆ ಅರ್ಧ. ಸೋವಿಯತ್ ಸಬ್‌ಮರೀನುಗಳ ಸದ್ದು ಆ ಮಷೀನು ಬರುವ ಮೊದಲೇ ಇಳಿಯತೊಡಗಿತ್ತು. ಅಮೆರಿಕದ ನೌಕಾಪಡೆಯಲ್ಲೇ ಇದ್ದ ಜಾನ್ ವಾಕರ್ ಎಂಬ ಗೂಢಚಾರ ವರ್ಷಗಟ್ಟಲೆ ಗುಟ್ಟು ಮಾರುತ್ತಿದ್ದ. ನಿಮ್ಮ ಹಡಗಿನ ಸದ್ದು ನಮಗೆ ಕೇಳುತ್ತಿದೆ ಎಂಬ ಸುದ್ದಿ ಮಾಸ್ಕೋಗೆ ಹೋಗಿದ್ದು ಅವನಿಂದ. ಸಿಕ್ಕಿಬಿದ್ದಿದ್ದು 1985ರಲ್ಲಿ. ತಮ್ಮ ಮನೆಯ ಕಳ್ಳನನ್ನು ಹಿಡಿಯಲು ಅಷ್ಟು ವರ್ಷ ತೆಗೆದುಕೊಂಡವರು ರೇಡಿಯೋ ಒಡೆದು ಸಿಟ್ಟು ತೀರಿಸಿಕೊಂಡರು. ಆಗ ಜಪಾನಿನ ಟಿವಿ, ಕಾರು ಅಮೆರಿಕದ ಮಾರುಕಟ್ಟೆ ನುಂಗುತ್ತಿತ್ತು. ಸಿಟ್ಟಿನಲ್ಲಿ ಅದೂ ಇತ್ತು.

ಪಾಷಾಣ ಪಾಟೀಲ, ಪುಣೆ

ಮಾವ, ವಾಕರ್ ಹೇಳಿದ್ದು ರೋಗ ಇದೆ ಅಂತ. ಮಷೀನು ಕೊಟ್ಟಿದ್ದು ಔಷಧ. ಎರಡೂ ಬೇಕಲ್ವಾ? ಮಾರುಕಟ್ಟೆಯ ಸಿಟ್ಟಿನ ಮಾತು ಮಾತ್ರ ಒಪ್ಪಿದೆ.

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ಸರಿ, ರಷ್ಯಾ ಅಮೆರಿಕ ಜಗಳ. ನಡುವೆ ನಮಗ್ಯಾಕೆ ಬೀಗ? ನಾವು ಯಾರ ಬಣದಲ್ಲೂ ಇರಲಿಲ್ಲ.

ತ್ರಾಂಬೆ ತಾತ, ಚೆಂಬೂರು

ಯಾರ ಬಣದಲ್ಲೂ ಇಲ್ಲದವನನ್ನು ಇಬ್ಬರೂ ಅನುಮಾನದಿಂದ ನೋಡುತ್ತಾರೆ ಮಗಾ. ಇಬ್ಬರೂ ಕೊಡುತ್ತಾರೆ ಕೂಡ. ನಾನು ಮುಂಬೈಗೆ ಬಂದಾಗ ಈ ಊರಿನಲ್ಲಿ ಎರಡೂ ಕಡೆಯ ಸಾಮಾನು ಇತ್ತು. ಕೊಲಾಬಾದ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ಅಮೆರಿಕದ ಸಿಡಿಸಿ 3600 ಕಂಪ್ಯೂಟರ್, 1964ರದು, ಅಮೆರಿಕದ ನೆರವಿನಿಂದಲೇ ಬಂದದ್ದು. ಪೊವಾಯಿಯ ಐಐಟಿಯಲ್ಲಿ ಸೋವಿಯತ್‌ನ ಮಿನ್ಸ್ಕ್ ಕಂಪ್ಯೂಟರ್. ಆ ಐಐಟಿ 1958ರಲ್ಲಿ ಎದ್ದಿದ್ದೇ ಯುನೆಸ್ಕೋ ಮೂಲಕ ಬಂದ ಸೋವಿಯತ್ ಸಹಾಯದಿಂದ.

ತಾರಾಪುರ ಅಣುವಿದ್ಯುತ್ ಕೇಂದ್ರದ ಕಥೆ ಇನ್ನೂ ಸ್ವಾರಸ್ಯ. 1963ರ ಒಪ್ಪಂದ, 1969ರಲ್ಲಿ ಅಮೆರಿಕದ ಎರಡು ರಿಯಾಕ್ಟರ್ ಶುರು. ಇಂಧನ ಅವರೇ ಕೊಡಬೇಕು, ಮಾತು ಹಾಗಿತ್ತು. 1974ರಲ್ಲಿ ನಾವು ಪೋಖ್ರಾನ್‌ನಲ್ಲಿ ಅಣು ಸ್ಫೋಟ ಮಾಡಿದೆವು. ನಮಗಾಗಿಯೇ ಅಣು ಸಾಮಗ್ರಿ ಮಾರುವ ದೇಶಗಳ ಎನ್‌ಎಸ್‌ಜಿ ಎಂಬ ಕೂಟ ಹುಟ್ಟಿತು. 1978ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ ಇಂಧನದ ನಲ್ಲಿ ಮುಚ್ಚಿತು. ಆಮೇಲೆ ಫ್ರಾನ್ಸ್ ಕೊಟ್ಟಿತು. ತೊಂಬತ್ತರ ದಶಕದಲ್ಲಿ ಚೀನಾ ಕೊಟ್ಟಿತು. ನಂತರ ರಷ್ಯಾ. ಒಲೆ ಒಬ್ಬರದು, ಸೌದೆ ಊರೆಲ್ಲರದು.

ನಿನ್ನ ಪ್ರಶ್ನೆಗೆ ಉತ್ತರ 1974. ಅಲ್ಲಿಂದ ಎಲ್ಲ ಪಟ್ಟಿಯಲ್ಲೂ ನಮ್ಮ ಹೆಸರು.

ಸುಮ್ನೆ ನೋಡುವವ

ಚೀನಾ ನಮಗೆ ಯುರೇನಿಯಂ ಕೊಟ್ಟಿತ್ತಾ? ತಾತ, ಚಹಾ ಕುಡಿದು ಬರೆದಿರಾ ಬೇರೆ ಏನಾದರೂ?

ತ್ರಾಂಬೆ ತಾತ, ಚೆಂಬೂರು

ಫಿಲ್ಟರ್ ಕಾಫಿ. ಹುಡುಕಿ ನೋಡು, ಸಿಗುತ್ತದೆ.

ಚಾಕಣ ಚೆನ್ನಿ, ಪುಣೆ

ನಾನು ಚಾಕಣದ ಒಂದು ಮೋಟಾರು ಬಿಡಿಭಾಗದ ಫ್ಯಾಕ್ಟರಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಬಸಣ್ಣನವರ ಫಾರಂ ಓದಿ ನಗು ಬಂತು, ಯಾಕೆಂದರೆ ನಾನು ಹೋದ ವರ್ಷವಿಡೀ ಅದರ ಚೀನೀ ತಮ್ಮನನ್ನು ತುಂಬಿದ್ದೇನೆ.

2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಲೈಸೆನ್ಸ್ ಹಾಕಿತು. ಡಿಸ್ಪ್ರೋಸಿಯಂ, ಟರ್ಬಿಯಂ ಅದರಲ್ಲಿವೆ. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿರುವ ಮ್ಯಾಗ್ನೆಟ್ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳಬಾರದಲ್ಲ, ಅದಕ್ಕೆ ಇವನ್ನು ಚಿಟಿಕೆಯಷ್ಟು ಹಾಕುತ್ತಾರೆ. ಒಂದು ಮ್ಯಾಗ್ನೆಟ್ ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಎರಡನ್ನು ಹತ್ತಿರ ತಂದರೆ ಟಕ್ ಅಂತ ಕಚ್ಚಿಕೊಂಡು ಚರ್ಮ ಹಿಡಿಯುತ್ತದೆ. ಇಷ್ಟು ಚಿಕ್ಕದಕ್ಕೆ ಇಡೀ ಲೈನ್ ನಿಂತಿತ್ತು.

ಫಾರಂ ಹೇಗಿತ್ತು ಗೊತ್ತಾ? ಕೊನೆಯ ಬಳಕೆದಾರ ಯಾರು, ಯಾವ ಗಾಡಿಗೆ, ಸೇನೆಗೆ ಕೊಡುವುದಿಲ್ಲ, ಬೇರೆ ದೇಶಕ್ಕೆ ದಾಟಿಸುವುದಿಲ್ಲ. ಚೀನೀ ಭಾಷೆಗೆ ಅನುವಾದ, ನೋಟರಿ, ದೆಹಲಿಯಲ್ಲಿ ಠಸ್ಸೆ. ನಮ್ಮ ಮ್ಯಾನೇಜರ್ ದಿನಾ ಬೆಳಿಗ್ಗೆ ಬಂದು, ಚೆನ್ನಿ ಅವರೇ ಮ್ಯಾಗ್ನೆಟ್ ಎಲ್ಲಿಗೆ ಬಂತು, ಅಂತ ಕೇಳುವುದು. ನಾನು, ಸರ್ ಇನ್ನೂ ಬೀಜಿಂಗ್‌ನಲ್ಲೇ ಕಚ್ಚಿಕೊಂಡಿದೆ, ಅನ್ನುವುದು. ಇದು ಮೂರು ತಿಂಗಳು.

ಅಮೆರಿಕ ಚೀನಾಕ್ಕೆ ಹೋಗುವ ಕಂಪ್ಯೂಟರ್ ಚಿಪ್ಪಿಗೆ ಬೀಗ ಹಾಕಿತು, ಚೀನಾ ಮ್ಯಾಗ್ನೆಟ್ಟಿಗೆ ಹಾಕಿತು. ಕಲಿತಿದ್ದು ಒಬ್ಬರಿಂದ ಒಬ್ಬರು.

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ಎರಡೂ ಒಂದೇ ಅನ್ನಬೇಡಿ ಅಕ್ಕ. ಚಿಪ್ ಸೇನೆಗೆ ಹೋಗುತ್ತೆ. ಸ್ಕೂಟರಿನ ಮ್ಯಾಗ್ನೆಟ್ ಹಿಡಿದಿಟ್ಟುಕೊಳ್ಳುವುದು ಸುಮ್ನೆ ಗೂಂಡಾಗಿರಿ.

ಚಾಕಣ ಚೆನ್ನಿ, ಪುಣೆ

ಅದೇ ಮ್ಯಾಗ್ನೆಟ್ ಕ್ಷಿಪಣಿಯ ರೆಕ್ಕೆ ತಿರುಗಿಸುವ ಮೋಟಾರಿನಲ್ಲೂ ಇರುತ್ತೆ ತಮ್ಮಾ. ಅದೇ ಚಿಪ್ಪು ಆಸ್ಪತ್ರೆಯ ಸ್ಕ್ಯಾನರ್‌ನಲ್ಲೂ ಇರುತ್ತೆ. ಚಾಕು ಅಡುಗೆಮನೆಯದೋ ಕೊಲೆಗಾರನದೋ ಅಂತ ಚಾಕುವನ್ನೇ ಕೇಳಿದರೆ ಏನು ಹೇಳುತ್ತೆ?

ನ್ಹಾವಾ ಶೇವಾ ಏಜೆಂಟ್, ನವಿ ಮುಂಬೈ

ಮುಂಬೈನ ಬುಲೆಟ್ ರೈಲು ಸುರಂಗದ ಮಷೀನುಗಳ ಸುದ್ದಿ ನೆನಪಿದೆಯಾ? ಕಂಪನಿ ಜರ್ಮನಿಯದು, ಫ್ಯಾಕ್ಟರಿ ಚೀನಾದಲ್ಲಿ, ತೋಡಬೇಕಾದದ್ದು ಬಿಕೆಸಿಯಿಂದ ಶಿಳಫಾಟಾ ಕಡೆಗೆ. ತಯಾರಾದ ಮಷೀನುಗಳು ಚೀನಾದಲ್ಲೇ ನಿಂತುಬಿಟ್ಟವು. ಕೊನೆಗೆ 2025ರ ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ ಗೊಬ್ಬರ, ವಿರಳ ಲೋಹ, ಸುರಂಗದ ಮಷೀನು ಮೂರರ ಮಾತೂ ಒಟ್ಟಿಗೆ ಆಯಿತು. ಯೂರಿಯಾ ಮತ್ತು ಸುರಂಗದ ಮಷೀನು ಒಂದೇ ಮೇಜಿನ ಮೇಲೆ.

ಮಾಟುಂಗಾ ಮಾವ, ಮುಂಬೈ

ಚೆನ್ನಿ ಅವರು ವಿರಳ ಲೋಹ ಅಂದಾಗ ಹಳೆಯದೊಂದು ನೆನಪಾಯಿತು. ಪ್ರಭಾದೇವಿಯಲ್ಲಿ ಐಆರ್‌ಇಎಲ್ ಆಫೀಸ್ ಇದೆಯಲ್ಲ, 1950ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ಕೇರಳದ ಕಡಲ ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಸಿಗುತ್ತದೆ, ಅದರಿಂದ ವಿರಳ ಲೋಹವೂ ಅಣುಶಕ್ತಿಗೆ ಬೇಕಾದ ಥೋರಿಯಂ ಕೂಡ. ಆಗ ಬೀಗ ಹಾಕಿದವರು ನಾವು! ಮೋನಜೈಟ್ ಹೊರಗೆ ಕೊಡುವುದಿಲ್ಲ ಅಂತ ಕೂತೆವು. 1951ರಲ್ಲಿ ನಮಗೆ ಬರಗಾಲ, ಅಮೆರಿಕದಿಂದ ಗೋಧಿ ಬೇಕಿತ್ತು. ಗೋಧಿ ಕೊಡುತ್ತೇವೆ, ಮೋನಜೈಟ್ ಕೊಡಿ ಅಂತ ಅಲ್ಲಿಯ ಸಂಸತ್ತಿನಲ್ಲಿ ಒತ್ತಾಯ ಎದ್ದಿತು. ನೆಹರು ಬಗ್ಗಲಿಲ್ಲ.

1953ರಲ್ಲಿ ಇನ್ನೊಂದು. ನಮ್ಮ ಥೋರಿಯಂ ನೈಟ್ರೇಟ್ ಪೋಲೆಂಡಿನ ಹಡಗಿನಲ್ಲಿ ಚೀನಾಕ್ಕೆ ಹೊರಟಿತು. ಅಮೆರಿಕದಲ್ಲಿ ಬ್ಯಾಟಲ್ ಆಕ್ಟ್ ಅಂತ ಕಾನೂನಿತ್ತು. ಇಂಥ ಸರಕನ್ನು ಕಮ್ಯುನಿಸ್ಟ್ ದೇಶಕ್ಕೆ ಕಳಿಸಿದವರಿಗೆ ನೆರವು ಬಂದ್. ನಮ್ಮ ಮೇಲೆ ಯಾರೂ ಷರತ್ತು ಹಾಕಬೇಡಿ ಅಂತ ದೆಹಲಿ, ಕಾನೂನು ಕಾನೂನೇ ಅಂತ ವಾಷಿಂಗ್ಟನ್. ಕೊನೆಗೆ ಹೇಗೋ ಸಮಾಧಾನವಾಯಿತು, ನೆರವು ನಿಲ್ಲಲಿಲ್ಲ.

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ಎಪ್ಪತ್ತು ವರ್ಷದ ಹಿಂದೆ ಮರಳಿನ ಮೇಲೆ ಅಷ್ಟು ಬಿಗಿ ಇದ್ದವರು ಈಗ ಮ್ಯಾಗ್ನೆಟ್ಟಿಗೆ ಬೀಜಿಂಗ್ ಬಾಗಿಲಲ್ಲಿ ನಿಂತಿದ್ದೇವೆ. ಮರಳು ಇಟ್ಟುಕೊಂಡೆವು, ಮಾಡುವುದು ಕಲಿಯಲಿಲ್ಲ.

ಚಾಕಣ ಚೆನ್ನಿ, ಪುಣೆ

ಈ ಮಾತು ಮಾತ್ರ ಫ್ರೇಮ್ ಹಾಕಿಸಿ ನಮ್ಮ ಮ್ಯಾನೇಜರ್ ಟೇಬಲ್ ಮೇಲೆ ಇಡುತ್ತೇನೆ.

ವಾಸ್ಕೋ ವೆಲ್ಡರ್, ಗೋವಾ

ನಮ್ಮ ಕಡೆಯದೂ ಕೇಳಿ. ನಮ್ಮಪ್ಪ ಬಾಗಲಕೋಟೆಯಿಂದ ಬಂದು ಬೈನಾದಲ್ಲಿ ಸೇರಿಕೊಂಡವರು. ನಾನು ಹಡಗಿನ ವೆಲ್ಡಿಂಗ್ ಗುತ್ತಿಗೆ ಕೆಲಸ ಮಾಡುತ್ತೇನೆ, ಎಲ್ಲಿ ಅಂತ ಹೇಳಲ್ಲ. ಇದು ಪೇಪರಲ್ಲಿ ಬಂದ ವಿಷಯ, ಗುಟ್ಟೇನಿಲ್ಲ.

ಗೋವಾ ಶಿಪ್‌ಯಾರ್ಡ್‌ನಲ್ಲಿ ರಷ್ಯಾದ ವಿನ್ಯಾಸದ ಎರಡು ಫ್ರಿಗೇಟ್ ಯುದ್ಧನೌಕೆ ಕಟ್ಟುತ್ತಿದ್ದಾರೆ. ತ್ರಿಪುಟ್ 2024ರ ಜುಲೈನಲ್ಲಿ ನೀರಿಗಿಳಿಯಿತು, ತವಸ್ಯ 2025ರ ಮಾರ್ಚ್‌ನಲ್ಲಿ. ವಿನ್ಯಾಸ, ತಂತ್ರಜ್ಞಾನ ರಷ್ಯಾದ್ದು. ಎಂಜಿನ್ನು, ಅಂದರೆ ಗ್ಯಾಸ್ ಟರ್ಬೈನು, ಉಕ್ರೇನಿನದು! ಸೋವಿಯತ್ ಒಂದಾಗಿದ್ದಾಗ ಎಲ್ಲ ಒಂದೇ ಮನೆ. ಟರ್ಬೈನು ಮಾಡುವ ಫ್ಯಾಕ್ಟರಿ ಉಕ್ರೇನಿನ ಪಾಲಿಗೆ ಬಂತು. 2014ರಲ್ಲಿ ಕ್ರಿಮಿಯಾ ಗಲಾಟೆ ಆದಮೇಲೆ ಉಕ್ರೇನ್ ರಷ್ಯಾಕ್ಕೆ ಟರ್ಬೈನು ಕೊಡಲ್ಲ ಅಂತು. ಕಲಿನಿನ್‌ಗ್ರಾಡ್‌ನಲ್ಲಿ ರಷ್ಯಾದ ಹಡಗುಗಳು ಎಂಜಿನ್ ಇಲ್ಲದೆ ಬೋಳು ತೊಟ್ಟಿ ಥರ ನಿಂತವು. ಆಗ ನಾವು ಅದರಲ್ಲಿ ಎರಡನ್ನು ಕೊಂಡು, ಉಕ್ರೇನಿನಿಂದ ಟರ್ಬೈನು ನಾವೇ ತರಿಸಿಕೊಟ್ಟೆವು. ತುಶಿಲ್ 2024ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿತು, ತಮಾಲ್ 2025ರ ಜುಲೈನಲ್ಲಿ. ಯುದ್ಧ ಮಾಡುತ್ತಿರುವ ಎರಡು ದೇಶದ ಸಾಮಾನು ಒಂದೇ ಹಡಗಿನ ಹೊಟ್ಟೆಯಲ್ಲಿ.

ಬಣದಲ್ಲಿ ಇಲ್ಲದೇ ಇರುವುದರಿಂದ ಲಾಭ ಏನು ಅಂತ ಹುಬ್ಬಳ್ಳಿ ಹುಡುಗ ಕೇಳಿದ್ದನಲ್ಲ, ಇದು.

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ನಾನು ಹಾಗೆ ಕೇಳೇ ಇಲ್ಲ. ಆದರೂ ಕಥೆ ಸೂಪರ್.

ಸುಮ್ನೆ ನೋಡುವವ

ವೆಲ್ಡರ್ ಅಣ್ಣ, ವಾಸ್ಕೋದಲ್ಲಿ ಜೋಳದ ರೊಟ್ಟಿ ಊಟ ಎಲ್ಲಿ ಸಿಗುತ್ತೆ? ಮುಂದಿನ ವಾರ ಬರ್ತಿದ್ದೀನಿ.

ವಾಸ್ಕೋ ವೆಲ್ಡರ್, ಗೋವಾ

ನಮ್ಮ ಮನೇಲಿ. ಬಂಗಡೆ ಜೊತೆ ಜೋಳದ ರೊಟ್ಟಿ. ನಮ್ಮವ್ವ ಒಪ್ಪಲ್ಲ, ಆದರೆ ನಾವು ಗೋವಾದಲ್ಲಿ ಹುಟ್ಟಿದವರು ಹಾಗೇ ತಿನ್ನೋದು.

ಪಾಷಾಣ ಪಾಟೀಲ, ಪುಣೆ

ಬಂಗಡೆ ರೊಟ್ಟಿಗೆ ರಫ್ತು ನಿಷೇಧ ಹಾಕಬೇಕು.

ಇರಲಿ. ಪುಣೆಯವನಾಗಿ ನಾನು ಇಲ್ಲೇ ಮಾಡಿದ ಪರಮ್ ಸೂಪರ್ ಕಂಪ್ಯೂಟರ್ ಬಿಟ್ಟು ಹೋದರೆ ತಪ್ಪಾಗುತ್ತದೆ. 1980ರ ದಶಕದ ಕೊನೆಗೆ ಬೆಂಗಳೂರಿನ ಐಐಎಸ್‌ಸಿಗೆ ಕ್ರೇ ಸೂಪರ್ ಕಂಪ್ಯೂಟರ್ ಬೇಕು ಅಂತ ರಾಜೀವ್ ಗಾಂಧಿ ಸರ್ಕಾರ ಕೇಳಿತು. ಅಮೆರಿಕ ಕೊಡಲಿಲ್ಲ, ಬಾಂಬಿನ ಲೆಕ್ಕಕ್ಕೆ ಬಳಸಿದರೆ ಅಂತ ಭಯ. ಮಳೆ ಮುನ್ಸೂಚನೆಗೆ ಅಂತ ಸಣ್ಣ ಮಾದರಿ ಒಂದನ್ನು ದೆಹಲಿಗೆ ಕೊಟ್ಟಿತು, ಅದೂ ಕಾವಲಿನ ಷರತ್ತಿನೊಂದಿಗೆ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಶುರುವಾಯಿತು. ವಿಜಯ್ ಭಟ್ಕರ್ ಮುಂದಾಳು. 1991ಕ್ಕೆ ಪರಮ್ 8000 ತಯಾರು. ಮುಂದೆ ಅದನ್ನು ರಷ್ಯಾಕ್ಕೂ ಮಾರಿದರು. ಬೇಡ ಅಂದಿದ್ದೇ ವರ ಆಯಿತು.

ಮಾಟುಂಗಾ ಮಾವ, ಮುಂಬೈ

ಪರಮ್ ಒಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್ಪು ಬ್ರಿಟನ್ನಿನ ಇನ್ಮೋಸ್ ಕಂಪನಿಯದು ಪಾಟೀಲರೇ. ಸಣ್ಣ ಚಿಪ್ಪುಗಳನ್ನು ಒಟ್ಟಿಗೆ ಕಟ್ಟಿ ದೊಡ್ಡ ಕೆಲಸ ಮಾಡಿಸಿದ ಜಾಣತನ ನಮ್ಮದು, ಅದಕ್ಕೆ ನಮಸ್ಕಾರ. ಚಿಪ್ಪಿಗೂ ಬೀಗ ಹಾಕಿದ್ದರೆ? ಮತ್ತೆ, ಆ ದಾರಿಯಲ್ಲಿ ಪುಣೆ ಮೊದಲಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1986ಕ್ಕೇ ಫ್ಲೋಸಾಲ್ವರ್ ಎಂಬ ಇಂಥದೇ ಕಂಪ್ಯೂಟರ್ ಮಾಡಿದ್ದರು.

ಪಾಷಾಣ ಪಾಟೀಲ, ಪುಣೆ

ಬಂತು ನೋಡಿ ಬೆಂಗಳೂರು. ಮಾವ ಮುಂಬೈಯಲ್ಲಿ ನಲವತ್ತು ವರ್ಷ ಕಳೆದರೂ ಹೊಟ್ಟೆಯೊಳಗಿನ ಬೆಂಗಳೂರು ಹೋಗಲ್ಲ.

ತ್ರಾಂಬೆ ತಾತ, ಚೆಂಬೂರು

ಬೇಡ ಅಂದಿದ್ದೇ ವರ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅತಿ ತಣ್ಣನೆಯ ದ್ರವ ಇಂಧನದಿಂದ ಓಡುವ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ ನೋಡಿ. ನಮ್ಮ ಉಡುಪಿಯ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1991ರಲ್ಲಿ, ಸೋವಿಯತ್‌ನ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಆಯಿತು. ಎಂಜಿನ್ನೂ ಕೊಡಬೇಕು, ಮಾಡುವ ವಿದ್ಯೆಯನ್ನೂ ಕೊಡಬೇಕು. 1992ರ ಮೇ ತಿಂಗಳಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹಾಕಿತು, ಕ್ಷಿಪಣಿ ತಂತ್ರಜ್ಞಾನದ ನೆಪ ಹೇಳಿ. ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ಅದನ್ನು ತುಂಬಿಕೊಂಡು ಯುದ್ಧಕ್ಕೆ ಕಾಯುತ್ತಾ ನಿಲ್ಲುವ ಕ್ಷಿಪಣಿ ಯಾರ ಮನೆಯಲ್ಲಿದೆ? ಸೋವಿಯತ್ ಆಗ ಒಡೆದುಹೋಗಿತ್ತು, ರಷ್ಯಾದ ಕೈ ಖಾಲಿ. 1993ರಲ್ಲಿ ಬಗ್ಗಿತು. ಏಳು ಎಂಜಿನ್ ಕೊಡುತ್ತೇವೆ, ವಿದ್ಯೆ ಇಲ್ಲ ಅಂದರು.

ನಮ್ಮದೇ ಕ್ರಯೋಜೆನಿಕ್ ಎಂಜಿನ್ನಿನಿಂದ ಜಿಎಸ್‌ಎಲ್‌ವಿ ರಾಕೆಟ್ ಸರಿಯಾಗಿ ಹಾರಿದ್ದು 2014ರ ಜನವರಿ 5ರಂದು. 1993ರಿಂದ ಲೆಕ್ಕ ಹಾಕಿ. ಒಬ್ಬ ಎಂಜಿನಿಯರ್ ಕೆಲಸಕ್ಕೆ ಸೇರಿ, ಕೂದಲು ಬೆಳ್ಳಗಾಗುವಷ್ಟು ಹೊತ್ತು. ಗೆದ್ದೆವು, ಸಂತೋಷ. ಆ ಇಪ್ಪತ್ತು ವರ್ಷ ಯಾರು ವಾಪಸ್ ಕೊಡುತ್ತಾರೆ?

ಪಾಷಾಣ ಪಾಟೀಲ, ಪುಣೆ

ತಾತ, ಒಪ್ಪುತ್ತೇನೆ, ಅರ್ಧ. ವಿದ್ಯೆ ಸುಮ್ನೆ ಸಿಕ್ಕಿದ್ದರೆ ನಾವು ಲೈಸೆನ್ಸ್ ತಗೊಂಡು ಅದೇ ಎಂಜಿನ್ ಮೂವತ್ತು ವರ್ಷ ಮಾಡುತ್ತಾ ಕೂರುತ್ತಿದ್ದೆವು. ನಾಸಿಕದಲ್ಲಿ ಮಿಗ್ 21 ಮಾಡಿದೆವಲ್ಲ, ಅದರಿಂದ ಮುಂದಿನ ವಿಮಾನ ಹುಟ್ಟಿತಾ? ನಕ್ಷೆ ಕೊಡುತ್ತಾರೆ, ಯಾಕೆ ಹೀಗೆ ಎಂಬುದನ್ನು ಕೊಡುವುದಿಲ್ಲ.

ತ್ರಾಂಬೆ ತಾತ, ಚೆಂಬೂರು

ಅದು ಕೊಟ್ಟವನ ತಪ್ಪಲ್ಲ, ಕೇಳದವನ ತಪ್ಪು. ಬೆಂಗಳೂರಿನ ಎಚ್‌ಎಂಟಿಗೆ 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಕಲಿಸಿಕೊಟ್ಟಿತು. ಬೆಂಗಳೂರಿನಲ್ಲೇ ಇರುವ ಮಷೀನು ಸಂಶೋಧನಾ ಸಂಸ್ಥೆ ಸಿಎಂಟಿಐಗೆ ಕೈ ಹಿಡಿದಿದ್ದು ಜೆಕೊಸ್ಲೊವಾಕಿಯಾ, 1962ರಲ್ಲಿ. ಪಶ್ಚಿಮದವರೂ ಪೂರ್ವದವರೂ ಒಂದೇ ಊರಲ್ಲಿ ಮಷೀನು ಮಾಡುವುದನ್ನು ಕಲಿಸಿದರು. ಆಮೇಲೆ ನಾವು ನಿದ್ದೆ ಮಾಡಿದೆವು. ಆ ನಿದ್ದೆಯ ಬಿಲ್ಲು ಬಸಣ್ಣನ ಶೆಡ್ಡಿಗೆ ಬಂದಿದೆ.

ಹುಬ್ಬಳ್ಳಿ ಹುಡುಗ, ಹಿಂಜೆವಾಡಿ

ಅಮೆರಿಕದವರೇನು ಕಮ್ಮಿ? ಎಸ್‌ಆರ್ 71 ಗೂಢಚಾರ ವಿಮಾನದ ಮೈಯೆಲ್ಲ ಟೈಟೇನಿಯಂ. ಅದರಲ್ಲಿ ಬಹಳಷ್ಟು ಬಂದಿದ್ದು ಸೋವಿಯತ್‌ನಿಂದ, ಬೇನಾಮಿ ಕಂಪನಿಗಳ ಮೂಲಕ. ಅವರ ಲೋಹದಲ್ಲೇ ವಿಮಾನ ಕಟ್ಟಿ ಅವರ ಮೇಲೇ ಕಣ್ಣಿಟ್ಟರು.

ಭೋಸರಿ ಬಸಣ್ಣ, ಪುಣೆ

ಎಲ್ಲರ ಕಥೆ ಓದಿದೆ, ಹೊಟ್ಟೆ ತುಂಬಿತು, ಮಷೀನು ಮಾತ್ರ ಉಪವಾಸ. ನಿನ್ನೆ ಪಕ್ಕದ ಶೆಡ್ಡಿನವರು ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಕಂಟ್ರೋಲರ್ ಬಿಚ್ಚಿ ಬೀಗ ತೆಗೆದುಕೊಡುತ್ತಾನಂತೆ, ನಲವತ್ತು ಸಾವಿರಕ್ಕೆ. ಏನಂತೀರಿ?

ನ್ಹಾವಾ ಶೇವಾ ಏಜೆಂಟ್, ನವಿ ಮುಂಬೈ

ಬೇಡ ಬೇಡ ಬೇಡ. ಕಂಪನಿಗೆ ಗೊತ್ತಾದರೆ ಸರ್ವಿಸ್ ಇಲ್ಲ, ಬಿಡಿಭಾಗ ಇಲ್ಲ. ನಿಮ್ಮ ಹೆಸರು ಅನುಮಾನದ ಪಟ್ಟಿಗೆ ಹೋದರೆ ಮುಂದಿನ ಮಷೀನು ಸಿಗುವುದಿಲ್ಲ. ಎಂಟು ದಿನ ಕಾದಿದ್ದೀರಿ, ಇನ್ನೊಂದು ನಾಲ್ಕು ದಿನ.

ಇನ್ನೊಂದು ಮಾತು. ಈ ಆಟ ಈಗ ನಾವೂ ಆಡುತ್ತಿದ್ದೇವೆ. ಭಾರತ 2017ರ ಡಿಸೆಂಬರ್‌ನಲ್ಲಿ ವಾಸೆನಾರ್ ಸೇರಿತು. ರಫ್ತಿಗೆ ಲೈಸೆನ್ಸ್ ಬೇಕಾದ ಸರಕಿನ ನಮ್ಮದೇ ಸ್ಕೋಮೆಟ್ ಪಟ್ಟಿ ಇದೆ, ವಿದೇಶ ವ್ಯಾಪಾರದ ಇಲಾಖೆ ಡಿಜಿಎಫ್‌ಟಿ ಲೈಸೆನ್ಸ್ ಕೊಡುತ್ತದೆ. ನನ್ನ ಗಿರಾಕಿ ಒಬ್ಬ ವಸಾಯಿಯಲ್ಲಿ ಆಸಿಡ್ಡಿಗೆ ಜಗ್ಗದ ಲೈನಿಂಗ್ ಇರುವ ವಾಲ್ವು ಮಾಡುತ್ತಾನೆ. ಪಶ್ಚಿಮ ಏಷ್ಯಾದಿಂದ ಆರ್ಡರ್ ಬಂತು, ಕುಣಿದಾಡಿದ. ನಾನು ಪಟ್ಟಿ ತೆಗೆದು ನೋಡಿದರೆ ಆ ಥರದ ವಾಲ್ವು ರಾಸಾಯನಿಕ ಅಸ್ತ್ರದ ಸಾಲಿನಲ್ಲಿ ಕೂತಿದೆ. ಕೊಳ್ಳುವವನ ಸಹಿ ಬೇಕು, ಕೊನೆಯ ಬಳಕೆ ಬರೆಯಬೇಕು. ಅವನೂ ಥೇಟ್ ನಿಮ್ಮ ಥರವೇ ಕೂಗಿದ: ನಾನು ಮಾರುವುದು ವಾಲ್ವು, ಬಾಂಬಲ್ಲ! ಇನ್ನೊಂದು ಗೊತ್ತಿರಲಿ, ಸರಕು ಮಾತ್ರ ಅಲ್ಲ. ಪಟ್ಟಿಯಲ್ಲಿರುವ ವಸ್ತುವಿನ ಡ್ರಾಯಿಂಗನ್ನು ಇಮೇಲ್‌ನಲ್ಲಿ ಹೊರದೇಶಕ್ಕೆ ಕಳಿಸಿದರೂ ಅದು ರಫ್ತು.

ಭೋಸರಿ ಬಸಣ್ಣ, ಪುಣೆ

ಅಯ್ಯೋ. ನಮ್ಮ ಅಕ್ಕನ ಮಗ ಶಾರ್ಜಾದಲ್ಲಿ ಇದ್ದಾನೆ. ಹೋದ ತಿಂಗಳು ಅವನಿಗೊಂದು ಇಂಪೆಲ್ಲರ್ ಡ್ರಾಯಿಂಗ್ ವಾಟ್ಸಾಪ್ ಮಾಡಿದ್ದೆ.

ನ್ಹಾವಾ ಶೇವಾ ಏಜೆಂಟ್, ನವಿ ಮುಂಬೈ

ಬೋರ್‌ವೆಲ್ ಪಂಪಿನದಾ? ಮಲಗಿ ನಿದ್ದೆ ಮಾಡಿ.

ವಾಸ್ಕೋ ವೆಲ್ಡರ್, ಗೋವಾ

ನಾಲ್ಕು ದಿನ ಆಯ್ತು, ಬಸಣ್ಣ ಎಲ್ಲಿ? ಕಂಪನಿಯವರು ಇವರಿಗೂ ಬೀಗ ಹಾಕಿದರಾ?

ಭೋಸರಿ ಬಸಣ್ಣ, ಪುಣೆ

ಇದ್ದೇನೆ. ಬೀಗ ತೆರೆಯಿತು.

ನಿನ್ನೆ ಸರ್ವಿಸ್ ಎಂಜಿನಿಯರ್ ಬಂದ. ಹುಡುಗ ಗದಗದವನು, ಕನ್ನಡ ಕೇಳಿ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಗೋಡೆಯಿಂದ ಮಷೀನಿಗೆ ಟೇಪು ಹಿಡಿದು ಅಳೆದ. ಹಳೆಯ ಜಾಗದ ಬೋಲ್ಟಿನ ತೂತಿನ ಫೋಟೋ ತೆಗೆದ. ಬಾಗಿಲ ಬೋರ್ಡಿನ ಫೋಟೋ ತೆಗೆದ. ಕಪಾಟಿನಲ್ಲಿದ್ದ ಒಂದು ಇಂಪೆಲ್ಲರ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಜಪಾನಿಗೆ ಕಳಿಸಿದ. ಮಧ್ಯಾಹ್ನ ಮೂರಕ್ಕೆ ನಂಬರು ಬಂತು. ಅವನು ಓದಿದ, ನಾನು ಒತ್ತಿದೆ, ಒಂದು ಅಂಕಿ ತಪ್ಪಿತು, ಮತ್ತೆ ಒತ್ತಿದೆ. ಸ್ಪಿಂಡಲ್ ಗುಂಯ್ ಅಂದಾಗ ನಮ್ಮ ಹುಡುಗರು ಚಪ್ಪಾಳೆ ಹೊಡೆದರು. ಹನ್ನೆರಡು ದಿನದ ಕೆಲಸ ಹೋಯಿತು, ಒಂದು ಆರ್ಡರ್ ಕೊಯಮತ್ತೂರಿಗೆ ಹೋಯಿತು.

ಹೋಗುವಾಗ ಅವನು ಹೇಳಿದ್ದು: ಕಾಕಾ, ಮುಂದಿನ ಸಲ ಸರಿಸುವ ಮೊದಲು ಒಂದು ಮೇಲ್ ಹಾಕಿ, ಒಂದೇ ದಿನದಲ್ಲಿ ಮುಗಿಯುತ್ತೆ. ನಾನು ಮೇಲೆ ನೋಡಿದೆ. ಹೊಸ ಜಾಗದ ಮೇಲಿನ ಶೀಟಿನಲ್ಲೂ ಬೆಳಕು ಕಾಣುತ್ತಿತ್ತು.

ಭೋಸರಿ ಕಡೆ ಶೆಡ್ಡಿನ ಶೀಟು ಹಾಕುವವರು ಯಾರಾದರೂ ಗೊತ್ತಿದ್ದರೆ ಹೇಳಿ. ಅರ್ಜೆಂಟು.

ಚಾಕಣ ಚೆನ್ನಿ, ಪುಣೆ

ನಮ್ಮ ಫ್ಯಾಕ್ಟರಿಗೆ ಹಾಕಿದವರಿದ್ದಾರೆ, ಒಳ್ಳೆಯ ಕೆಲಸ. ನಂಬರು ಇನ್‌ಬಾಕ್ಸ್‌ಗೆ ಹಾಕಿದ್ದೇನೆ.

ಸುಮ್ನೆ ನೋಡುವವ

ಶೀಟು ಕೊನೆಯ ಬಳಕೆ ಯಾವುದಕ್ಕೆ ಅಂತ ಕೇಳಿದರೆ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಬಸಣ್ಣ.